ಗಾಳಿಗೆ ತೂರಿದ ಅಹವಾಲು

ಬೆಂಗಳೂರಿನಿಂದ ಹುಬ್ಬಳ್ಳಿ ಕಡೆ ಹೊರಟ ಬಸ್ಸು ಹಿರಿಯೂರು ದಾಟಿ ಚಿತ್ರದುರ್ಗವನ್ನು ಸಮೀಪಿಸುತ್ತಿದ್ದಂತೆ ಗುಡ್ಡಗಳ ನೆತ್ತಿಯ ಮೇಲೆ ಬಿಳಿಯ ಮೂರು ರೆಕ್ಕೆಯ ಯಂತ್ರಗಳು ಕಾಣತೊಡಗುತ್ತವೆ. ಕಿಟಕಿ ಪಕ್ಕ ಕೂತ ಮಕ್ಕಳು ಎಣಿಸಲು ಹೊರಟು ಇಪ್ಪತ್ತು ಮೂವತ್ತಕ್ಕೆ ಲೆಕ್ಕ ತಪ್ಪುತ್ತಾರೆ. ಗದಗಿನ ಕಪ್ಪತಗುಡ್ಡದ ಸಾಲಿನಲ್ಲೂ ಹರಪನಹಳ್ಳಿಯ ಬಯಲಲ್ಲೂ ಇದೇ ನೋಟ. ನೋಡಲು ಚೆಂದ. ಹೊಗೆಯಿಲ್ಲ, ಹಾರುಬೂದಿಯಿಲ್ಲ, ಊರು ಮುಳುಗುವ ಭಯವೂ ಇಲ್ಲ. ರಾಯಚೂರಿನ ಶಾಖೋತ್ಪನ್ನ ಸ್ಥಾವರದ ಬೂದಿ ಕಂಡವರಿಗೆ, ಶರಾವತಿ ಹಿನ್ನೀರಿನಿಂದ ಎದ್ದುಬಂದವರಿಗೆ ಈ ಗಾಳಿಯಂತ್ರ ದೇವರು ಕೊಟ್ಟ ವರದಂತೆಯೇ ಕಾಣಬೇಕು.

ಆದರೆ ಒಂದು ಸಣ್ಣ ಪ್ರಶ್ನೆ. ಆ ಗುಡ್ಡದ ಮೇಲೆ ಯಂತ್ರ ನೆಡುವ ಮುನ್ನ ಗುಡ್ಡದ ಬುಡದ ಊರಿನವರನ್ನು ಕೂಡಿಸಿ, 'ಹೀಗೊಂದು ಯೋಜನೆ ಇದೆ, ಇದರಿಂದ ಇಂಥಿಂಥ ಪರಿಣಾಮ ಆಗಬಹುದು, ನೀವೇನಂತೀರಿ?' ಎಂದು ಯಾರಾದರೂ ಕೇಳಿದ್ದರೆ?

ಕೇಳಬೇಕಾಗಿಯೇ ಇಲ್ಲ ಎನ್ನುತ್ತದೆ ನಮ್ಮ ಕಾನೂನು.

ಪಟ್ಟಿಯಲ್ಲಿಲ್ಲದ ಗಾಳಿ

ದೊಡ್ಡ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ ಕಡ್ಡಾಯವಾದದ್ದು 1994ರ ಜನವರಿಯ ಅಧಿಸೂಚನೆಯಿಂದ. 1997ರಲ್ಲಿ ಅದಕ್ಕೆ ತಿದ್ದುಪಡಿ ತಂದು ಸಾರ್ವಜನಿಕ ಅಹವಾಲು ಸಭೆಯನ್ನೂ ಸೇರಿಸಲಾಯಿತು. ಈಗ ಜಾರಿಯಲ್ಲಿರುವುದು 2006ರ ಸೆಪ್ಟೆಂಬರ್ 14ರ ಅಧಿಸೂಚನೆ. ನಡುವೆ ಎಷ್ಟೋ ತೇಪೆ ಬಿದ್ದಿವೆ, ಆ ಮಾತು ಬೇರೆ. ಅದರಲ್ಲಿ ಸಭೆಯ ಕ್ರಮವನ್ನು ಸಾಕಷ್ಟು ವಿವರವಾಗಿಯೇ ಬರೆದಿದ್ದಾರೆ. ಕನಿಷ್ಠ 30 ದಿನ ಮೊದಲು ಪತ್ರಿಕೆಗಳಲ್ಲಿ ಪ್ರಕಟಣೆ ಕೊಡಬೇಕು. ಅಧ್ಯಯನ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಅಥವಾ ಅವರ ಪರವಾಗಿ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅಧ್ಯಕ್ಷತೆ ವಹಿಸಬೇಕು. ನಡಾವಳಿಯನ್ನೆಲ್ಲ ವಿಡಿಯೋ ಮಾಡಬೇಕು. ಕೊನೆಗೆ ಯಾರು ಏನು ಹೇಳಿದರೆಂಬುದನ್ನು ಸಭೆಗೆ ಅವರದೇ ಭಾಷೆಯಲ್ಲಿ ಓದಿ ಹೇಳಬೇಕು. ಇಂತಿಷ್ಟು ಜನ ಸೇರಲೇಬೇಕೆಂಬ ಕೋರಂ ಮಾತ್ರ ಇಲ್ಲ. ಇಬ್ಬರೇ ಬಂದರೂ ಸಭೆ ಸಭೆಯೇ.

ಇಂಥ ಸಭೆಗಳಲ್ಲಿ ಏನು ನಡೆಯುತ್ತದೆಂದು ಓದುಗರಿಗೆ ಗೊತ್ತು. 2025ರ ಸೆಪ್ಟೆಂಬರಿನಲ್ಲಿ ಶರಾವತಿ ಕಣಿವೆಯ 2,000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ ಯೋಜನೆಗಾಗಿ ಕಾರ್ಗಲ್‌ನಲ್ಲೂ ಗೇರುಸೊಪ್ಪದಲ್ಲೂ ಅಹವಾಲು ಸಭೆ ನಡೆದಾಗ ಜನ ಹಿಂಡುಹಿಂಡಾಗಿ ಬಂದು ವಿರೋಧ ದಾಖಲಿಸಿದರು. ಅವರ ಮಾತಿಗೆ ದೆಹಲಿಯಲ್ಲಿ ಎಷ್ಟು ಬೆಲೆ ಬರುತ್ತದೋ ಏನೋ, ದಾಖಲೆಯಲ್ಲಂತೂ ಸೇರಿತು. ನಾಳೆ ನ್ಯಾಯಾಲಯಕ್ಕೆ ಹೋಗಬೇಕಾದರೆ ಹಿಡಿದು ಹೋಗಲು ಒಂದು ಕಾಗದ ಆಯಿತು.

2006ರ ಅಧಿಸೂಚನೆಯ ಹಿಂದೆ ಒಂದು ಉದ್ದನೆಯ ಪಟ್ಟಿ ಇದೆ. ಗಣಿಗಾರಿಕೆ, ಜಲವಿದ್ಯುತ್, ಶಾಖೋತ್ಪನ್ನ, ಪರಮಾಣು, ಸಿಮೆಂಟು, ಸಕ್ಕರೆ ಎಲ್ಲವೂ ಅದರಲ್ಲಿವೆ. ನೆಲದ ಮೇಲಿನ ಗಾಳಿ ವಿದ್ಯುತ್ ಮಾತ್ರ ಇಲ್ಲ. ಹತ್ತು ಯಂತ್ರವಿರಲಿ, ಮುನ್ನೂರು ಯಂತ್ರವಿರಲಿ, ಪರಿಣಾಮದ ಅಧ್ಯಯನ ಬೇಡ, ಆದ್ದರಿಂದ ಅಹವಾಲು ಸಭೆಯೂ ಬೇಡ. ಅಲ್ಲಿಂದ ಹೊರಡುವ ಹೈಟೆನ್ಷನ್ ತಂತಿಗಳೂ ಆ ಪಟ್ಟಿಯಲ್ಲಿಲ್ಲ. ಸಾಲದೆಂಬಂತೆ, 2016ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಉದ್ಯಮಗಳಿಗೆ ಬಣ್ಣ ಹಚ್ಚಿ ವಿಂಗಡಿಸುವಾಗ ಗಾಳಿ ವಿದ್ಯುತ್ತಿಗೆ 'ಬಿಳಿ' ಬಣ್ಣ ಕೊಟ್ಟಿತು. ಎಂದರೆ ಮಾಲಿನ್ಯ ಮಂಡಳಿಯ ಸಮ್ಮತಿ ಪತ್ರವೂ ಬೇಕಿಲ್ಲ, ತಿಳಿಸಿದರೆ ಸಾಕು.

ಈ ವಿನಾಯಿತಿ ಮೊದಮೊದಲು ಅಸಹಜವೇನೂ ಆಗಿರಲಿಲ್ಲ. ತೊಂಬತ್ತರ ದಶಕದಲ್ಲಿ ನಮ್ಮಲ್ಲಿ ನಿಲ್ಲಿಸುತ್ತಿದ್ದ ಯಂತ್ರಗಳು 225, 250 ಕಿಲೋವಾಟಿನವು. ಕಂಬದ ಎತ್ತರ ಮೂವತ್ತು ಮೀಟರಿನ ಆಸುಪಾಸು. ದೊಡ್ಡ ತೆಂಗಿನ ಮರಕ್ಕಿಂತ ತುಸು ಎತ್ತರ ಎನ್ನಿ. ಇಂದಿನ ಯಂತ್ರದ ಸಾಮರ್ಥ್ಯ ಎರಡು ಮೂರು ಮೆಗಾವಾಟ್. ಕಂಬವೇ 120ರಿಂದ 140 ಮೀಟರ್, ಅದರ ಮೇಲೆ ಒಂದೊಂದೂ 60 ಮೀಟರಿಗೆ ಮೀರಿದ ರೆಕ್ಕೆ. ಅಂಥದ್ದೊಂದನ್ನು ಗುಡ್ಡದ ತುದಿಗೆ ಸಾಗಿಸಬೇಕಾದರೆ ಉದ್ದನೆಯ ಟ್ರೇಲರ್ ತಿರುಗುವಷ್ಟು ಅಗಲದ ರಸ್ತೆ ಬೇಕು, ನೆತ್ತಿಯನ್ನು ಸಮತಟ್ಟು ಮಾಡಬೇಕು, ಬುಡಕ್ಕೆ ಆಳದ ಪಾಯ ತೋಡಿ ಕಾಂಕ್ರೀಟು ಸುರಿಯಬೇಕು. ಯಂತ್ರ ಇಷ್ಟು ಬೆಳೆಯಿತು. ಕಾನೂನು ಮಾತ್ರ ತೆಂಗಿನ ಮರದ ಎತ್ತರದಲ್ಲೇ ಉಳಿಯಿತು.

ಅರಣ್ಯ ಜಮೀನಾದರೆ ಬೇರೆ ದಾರಿ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಡಿ ಕೇಂದ್ರದ ಒಪ್ಪಿಗೆ ಬೇಕು. 2004ರಲ್ಲಿ ಪರಿಸರ ಸಚಿವಾಲಯ ಇದಕ್ಕಾಗಿ ಒಂದು ಮಾರ್ಗಸೂಚಿಯನ್ನೇ ಹೊರಡಿಸಿತು. ಯಂತ್ರಕ್ಕೂ ಊರಿಗೂ 300 ಮೀಟರ್ ಅಂತರವಿರಲಿ, ಹಕ್ಕಿಗಳು ಬಡಿದುಕೊಳ್ಳದಂತೆ ರೆಕ್ಕೆಯ ತುದಿಗೆ ಕಿತ್ತಳೆ ಬಣ್ಣ ಬಳಿಯಿರಿ ಎಂದೆಲ್ಲ ಅದರಲ್ಲಿದೆ. ಮುಂದೆ 2006ರ ಅರಣ್ಯ ಹಕ್ಕು ಕಾಯ್ದೆ ಬಂದು, 2009ರ ಸುತ್ತೋಲೆಯ ನಂತರ ಗ್ರಾಮಸಭೆಯ ಒಪ್ಪಿಗೆಯ ಮಾತೂ ಸೇರಿಕೊಂಡಿತು. ಆದರೆ ನಮ್ಮ ಬಯಲುಸೀಮೆಯಲ್ಲಿ ಗಾಳಿ ಬೀಸುವ ನೆಲವೆಲ್ಲ ಅರಣ್ಯ ಇಲಾಖೆಯದ್ದಲ್ಲ. ಗೋಮಾಳ, ಖರಾಬು, ರೈತರ ಪಟ್ಟಾ ಜಮೀನು, ಇವುಗಳ ಮೇಲೆ ಬೀಸುವ ಗಾಳಿಗೆ ಈ ನಿಯಮಗಳು ಅಂಟುವುದಿಲ್ಲ.

ಹಾಗಾದರೆ ಊರಿಗೆ ಸುದ್ದಿ ತಲುಪುವುದು ಹೇಗೆ? ಮೊದಲು ಯಾವುದೋ ದಿಣ್ಣೆಯ ಮೇಲೆ ಗಾಳಿಯ ವೇಗ ಅಳೆಯುವ ತೆಳ್ಳನೆಯ ಕಂಬವೊಂದು ಏಳುತ್ತದೆ. ವರ್ಷ ಕಳೆದ ಮೇಲೆ ಮಧ್ಯವರ್ತಿಗಳು ಪಹಣಿ ಹಿಡಿದು ಮನೆಮನೆಗೆ ಬರುತ್ತಾರೆ. ಒಬ್ಬೊಬ್ಬರೊಂದಿಗೆ ಒಂದೊಂದು ದರ, ಒಂದೊಂದು ಕರಾರು. ಪಂಚಾಯಿತಿಯಿಂದ ನಿರಾಕ್ಷೇಪಣಾ ಪತ್ರ ಪಡೆಯುವುದೂ ಉಂಟು. ಆದರೆ ಅದನ್ನು ಕೊಡುವ ಸದಸ್ಯರ ಮುಂದೆ ಅಧ್ಯಯನ ವರದಿಯೆಂಬುದೇ ಇರುವುದಿಲ್ಲ. ಇಲ್ಲದ ವರದಿಗೆ ಆಕ್ಷೇಪಣೆ ಎತ್ತುವುದಾದರೂ ಹೇಗೆ? ಜಮೀನು ಕೊಟ್ಟವನಿಗೆ ಹಣ ಸಿಗುತ್ತದೆ, ಸಿಗಲಿ. ಪಕ್ಕದ ಹೊಲದವನಿಗೆ ಸಿಗುವುದು ಸದ್ದು, ಬೆಳಗ್ಗೆ ಸಂಜೆ ಮನೆಯ ಗೋಡೆಯ ಮೇಲೆ ಸುತ್ತುವ ರೆಕ್ಕೆಯ ನೆರಳು. ಕುರಿ ಮೇಯಿಸುವವನ ಹೆಸರಂತೂ ಯಾವ ಪಹಣಿಯಲ್ಲೂ ಇರುವುದಿಲ್ಲ.

ಗುಡ್ಡ ಯಾರದು?

ಪಾವಗಡದ ಗಡಿ ದಾಟಿದರೆ ಆಂಧ್ರದ ಹಳೆಯ ಅನಂತಪುರ ಜಿಲ್ಲೆ. ಮಳೆ ಕಡಿಮೆ, ಕಲ್ಲುಗುಡ್ಡ ಹೆಚ್ಚು. ಅಲ್ಲಿ 1990ರಲ್ಲಿ ಆರಂಭವಾದ ತಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆ ಸುತ್ತಲ ಹಳ್ಳಿಗರನ್ನು ಸೇರಿಸಿಕೊಂಡು ಬೋಳುಗುಡ್ಡಗಳನ್ನು ಕಾಯತೊಡಗಿತು. ಬೆಂಕಿ ಬೀಳದಂತೆ ನೋಡಿಕೊಂಡರು, ಬೀಜ ಬಿತ್ತಿದರು, ಕಾವಲು ಹಾಕಿದರು. ಎರಡು ದಶಕದಲ್ಲಿ ಹುಲ್ಲು ಬಂತು, ಈಚಲು ಬಂತು, ತೊರೆಗಳಲ್ಲಿ ನೀರು ನಿಂತಿತು. ಆ ಕಾಡಿಗೆ ಕಲ್ಪವಲ್ಲಿ ಎಂದು ಹೆಸರಿಟ್ಟರು. ಕಂದಾಯ ದಾಖಲೆಯಲ್ಲಿ ಮಾತ್ರ ಅದು ಬಂಜರು ಭೂಮಿಯಾಗಿಯೇ ಉಳಿದಿತ್ತು.

2010ರ ನಂತರ ಆ ಗುಡ್ಡಗಳ ನೆತ್ತಿಯ ಮೇಲೆ ನಲವತ್ತಕ್ಕೂ ಹೆಚ್ಚು ಗಾಳಿಯಂತ್ರಗಳು ಎದ್ದವು. ರಸ್ತೆಗಾಗಿ ಇಳಿಜಾರು ಕೊರೆದರು. ಸಡಿಲ ಮಣ್ಣು ಮಳೆಯಲ್ಲಿ ಇಳಿದು ತೊರೆಗಳನ್ನು ಸೇರಿತು. ಬಂಜರು ಎಂದು ಬರೆದಿರುವಾಗ ಅಲ್ಲಿ ಹಾಳಾಗುವುದಾದರೂ ಏನು, ಕೇಳುವುದಾದರೂ ಯಾರನ್ನು? ಪ್ರಕರಣ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಹೋಯಿತು. ಗಾಳಿ ವಿದ್ಯುತ್ತನ್ನೂ ಪರಿಣಾಮ ಅಧ್ಯಯನದ ಪಟ್ಟಿಗೆ ಸೇರಿಸಬೇಕೆಂಬ ಮಾತು ಗಟ್ಟಿಯಾಗಿ ಕೇಳಿಬಂದದ್ದು ಆಗಲೇ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವೂ ಅದೇ ವರ್ಷ ಇದನ್ನೇ ಹೇಳಿತು. ಪಟ್ಟಿ ಬದಲಾಗಲಿಲ್ಲ.

ಇದರಲ್ಲೊಂದು ವಿಪರ್ಯಾಸವಿದೆ. ನಮ್ಮ ಕಾನೂನು ಊರವರನ್ನು ಕೇಳಿ ಎನ್ನುವುದಿಲ್ಲ. ಆದರೆ ಇಂಗಾಲ ಉಳಿಸಿದ್ದಕ್ಕೆ ವಿಶ್ವಸಂಸ್ಥೆಯ ಸಿಡಿಎಂ ವ್ಯವಸ್ಥೆಯಡಿ ಹಣ ಪಡೆಯಬೇಕಾದರೆ ಸ್ಥಳೀಯರ ಅಭಿಪ್ರಾಯ ಕೇಳಿದ್ದೇವೆಂದು ದಾಖಲೆ ತೋರಿಸಬೇಕಿತ್ತು. ಅಂತಾರಾಷ್ಟ್ರೀಯ ಸಾಲ ಕೊಡುವ ಸಂಸ್ಥೆಗಳೂ ಪರಿಸರ ಅಧ್ಯಯನ ಕೇಳುತ್ತವೆ. ಸಾಲಗಾರನಿಗೆ ಇರುವ ಅಧಿಕಾರ ಊರಿನ ನಿವಾಸಿಗೆ ಇಲ್ಲ!

ಹದ್ದು ಹೋದರೆ ಓತಿಗೆ ಹಬ್ಬ

ಅಧ್ಯಯನ ಮಾಡಿದರೆ ಏನು ಸಿಗುತ್ತದೆ ಎನ್ನುವವರಿಗೆ ಎರಡು ಉದಾಹರಣೆ. ಕೊಯಮತ್ತೂರಿನ ಸಲೀಂ ಅಲಿ ಪಕ್ಷಿಶಾಸ್ತ್ರ ಕೇಂದ್ರದ ಸಂಶೋಧಕರು ಗುಜರಾತಿನ ಕಛ್ ಮತ್ತು ಆಗ ದಾವಣಗೆರೆ ಜಿಲ್ಲೆಯಲ್ಲಿದ್ದ ನಮ್ಮ ಹರಪನಹಳ್ಳಿಯಲ್ಲಿ ಯಂತ್ರಗಳ ಬುಡದಲ್ಲಿ ಸತ್ತುಬಿದ್ದ ಹಕ್ಕಿಗಳನ್ನು ಹುಡುಕಿದರು. ಹರಪನಹಳ್ಳಿಯಲ್ಲಿ ಒಂದು ವರ್ಷದಲ್ಲಿ ಸಿಕ್ಕಿದ್ದು ಏಳು. ಲೆಕ್ಕ ಹಾಕಿದಾಗ ಯಂತ್ರವೊಂದಕ್ಕೆ ವರ್ಷಕ್ಕೆ ಅರ್ಧ ಹಕ್ಕಿಗಿಂತ ತುಸು ಕಡಿಮೆ. ಯಂತ್ರ ಬಂದರೆ ಹಕ್ಕಿಕುಲವೇ ನಾಶ ಎಂದು ಬೊಬ್ಬೆ ಹಾಕುವವರು ಈ ಅಂಕಿಯನ್ನು ಗಮನಿಸಬೇಕು. ಆದರೆ ಸತ್ತದ್ದು ಗುಬ್ಬಿಯೋ, ವರ್ಷಕ್ಕೊಂದೇ ಮರಿ ಮಾಡುವ ದೊಡ್ಡ ಹದ್ದೋ ಎಂಬುದರ ಮೇಲೆ ಅದೇ ಅಂಕಿಯ ಅರ್ಥ ಬದಲಾಗುತ್ತದೆ.

ಇನ್ನೊಂದು, ಮಹಾರಾಷ್ಟ್ರದ ಸಾತಾರಾ ಬಳಿಯ ಚಾಳಕೇವಾಡಿ ಪ್ರಸ್ಥಭೂಮಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮರಿಯಾ ಠಾಕರ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಈ ಅಧ್ಯಯನ ಸ್ವಾರಸ್ಯಕರವಾಗಿದೆ. ಯಂತ್ರಗಳಿರುವ ಕಡೆ ಬೇಟೆಹಕ್ಕಿಗಳ ಸಂಖ್ಯೆ ಯಂತ್ರವಿಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಹದ್ದು ಗಿಡುಗಗಳ ಕಾಟ ತಪ್ಪಿದ್ದರಿಂದ ಬೀಸಣಿಗೆಯಂಥ ಕೊರಳಿನ ಓತಿಗಳು ಹೆಚ್ಚಾಗಿವೆ. ಅವುಗಳ ರಕ್ತದಲ್ಲಿ ಆತಂಕದ ಹಾರ್ಮೋನು ಕಡಿಮೆ. ಮನುಷ್ಯ ತೀರ ಹತ್ತಿರ ಹೋಗುವವರೆಗೂ ಓಡುವುದಿಲ್ಲ. ಆದರೆ ಹೊಟ್ಟೆಗೆ ಪೈಪೋಟಿ ಹೆಚ್ಚಿ ಗಂಡು ಓತಿಯ ಕೊರಳಿನ ನೀಲಿ, ಕಿತ್ತಳೆ ಬಣ್ಣಗಳು ಮಂಕಾಗಿವೆ. ಮೇಲೆ ರೆಕ್ಕೆ ತಿರುಗಿದರೆ ಕೆಳಗೆ ಹುಲ್ಲಿನಲ್ಲಿ ಓತಿಯ ಬಣ್ಣ ಬದಲಾಗುತ್ತದೆ ಎಂದು ಯಾವ ಎಂಜಿನಿಯರ್ ಊಹಿಸಿದ್ದ? ಇದೆಲ್ಲ ಗೊತ್ತಾದದ್ದು ಯಂತ್ರಗಳು ನಿಂತು ವರ್ಷಗಳೇ ಕಳೆದ ಮೇಲೆ.

ಹದಿನಾರು ವರ್ಷದ ಸಭೆ

ಅಹವಾಲು ಸಭೆಯೊಂದಿದ್ದರೆ ಎಲ್ಲ ಸರಿಹೋಗುತ್ತದೆಂದು ನಂಬುವವರು ಅಮೆರಿಕದ ಕೇಪ್ ವಿಂಡ್ ಕಥೆ ಓದಬೇಕು. ಮ್ಯಾಸಚೂಸೆಟ್ಸ್ ರಾಜ್ಯದ ಕಡಲಲ್ಲಿ, ದಡದಿಂದ ಎಂಟು ಕಿಲೋಮೀಟರ್ ಆಚೆ 130 ಯಂತ್ರ ನಿಲ್ಲಿಸುವ ಯೋಜನೆ 2001ರಲ್ಲಿ ಹೊರಬಂತು. ಪರಿಸರ ಪರಿಣಾಮದ ಕರಡು ವರದಿ 2004ರಲ್ಲಿ ಬಂತು, ಸಾವಿರಾರು ಪುಟ. ಸಭೆಗಳು ನಡೆದವು. 2005ರಲ್ಲಿ ಕಾನೂನು ಬದಲಾಗಿ ಹೊಣೆ ಬೇರೆ ಇಲಾಖೆಗೆ ಹೋಯಿತು. ಅದು ಹೊಸದಾಗಿ ಅಧ್ಯಯನ ಶುರುಮಾಡಿ 2009ರಲ್ಲಿ ಅಂತಿಮ ವರದಿ ಕೊಟ್ಟಿತು. 2010ರ ಏಪ್ರಿಲಿನಲ್ಲಿ ಒಪ್ಪಿಗೆಯೂ ಸಿಕ್ಕಿತು. ವಿರೋಧಿಗಳಲ್ಲಿ ಮೀನುಗಾರರಿದ್ದರು, ಸೂರ್ಯೋದಯದ ಕಡಲನ್ನು ಪವಿತ್ರವೆಂದು ನಂಬುವ ವಾಂಪನೋಗ್ ಮೂಲನಿವಾಸಿಗಳಿದ್ದರು. ಕಡಲಿಗೆ ಮುಖ ಮಾಡಿದ ಬಂಗಲೆಗಳ ಸಿರಿವಂತರೂ ಇದ್ದರು. ಸೆನೆಟರ್ ಎಡ್ವರ್ಡ್ ಕೆನಡಿಯವರಂಥ ಪ್ರಗತಿಪರರೇ ವಿರೋಧದ ಮುಂಚೂಣಿಯಲ್ಲಿದ್ದರು. ಮೊಕದ್ದಮೆಗಳ ಮೇಲೆ ಮೊಕದ್ದಮೆ. 2015ರಲ್ಲಿ ವಿದ್ಯುತ್ ಕೊಳ್ಳುವವರು ಕರಾರು ಕೈಬಿಟ್ಟರು, 2017ರ ಡಿಸೆಂಬರಿನಲ್ಲಿ ಕಂಪನಿಯೂ ಕೈಚೆಲ್ಲಿತು. ಹದಿನಾರು ವರ್ಷ ಚರ್ಚೆಯಾಗಿ ಒಂದು ಬಲ್ಬೂ ಉರಿಯಲಿಲ್ಲ.

ಅದೇ ಹೊತ್ತಿಗೆ ಪಕ್ಕದ ಪುಟ್ಟ ರಾಜ್ಯ ರೋಡ್ ಐಲೆಂಡ್ ಬೇರೆ ದಾರಿ ಹಿಡಿಯಿತು. ಕಂಪನಿ ಜಾಗ ಆರಿಸಿ ಬಂದ ಮೇಲೆ 'ಹೌದೋ ಅಲ್ಲವೋ' ಎಂದು ಜಗಳವಾಡುವ ಬದಲು, ಸರ್ಕಾರವೇ ಮೊದಲು ತನ್ನ ಕಡಲಿನ ನಕ್ಷೆ ತಯಾರಿಸಿತು. ಮೀನು ಎಲ್ಲಿ, ಹಕ್ಕಿ ಎಲ್ಲಿ, ಹಡಗಿನ ದಾರಿ ಎಲ್ಲಿ, ಎಲ್ಲಿ ಯಂತ್ರ ನಿಲ್ಲಿಸಿದರೆ ಯಾರಿಗೂ ಹೆಚ್ಚು ತೊಂದರೆಯಿಲ್ಲ ಎಂದು ಮೀನುಗಾರರನ್ನೂ ಕೂರಿಸಿಕೊಂಡು ಗುರುತು ಹಾಕಿ 2010ರಲ್ಲಿ ಯೋಜನೆ ಸಿದ್ಧಪಡಿಸಿತು. ಅಮೆರಿಕದ ಮೊದಲ ಕಡಲ ಗಾಳಿ ಸ್ಥಾವರ, ಐದೇ ಯಂತ್ರಗಳದ್ದು, ಬ್ಲಾಕ್ ಐಲೆಂಡ್ ಬಳಿ 2016ರ ಡಿಸೆಂಬರಿನಲ್ಲಿ ವಿದ್ಯುತ್ ಕೊಡತೊಡಗಿತು.

ನಮಗೆ ಬೇಕಾದದ್ದು ಈ ಎರಡನೆಯದು. ಕರ್ನಾಟಕದಲ್ಲಿ ಗಾಳಿ ಬೀಸುವ ಜಾಗಗಳ ನಕ್ಷೆ ಇದೆ. ಹಕ್ಕಿಗಳ ಸೂಕ್ಷ್ಮ ಪ್ರದೇಶ ತೋರಿಸುವ ಅವಿಸ್ಟೆಪ್ ಎಂಬ ನಕ್ಷೆಯನ್ನು ಬರ್ಡ್‌ಲೈಫ್ ಸಂಸ್ಥೆ 2022ರಲ್ಲಿ ಭಾರತಕ್ಕೂ ಸಿದ್ಧಪಡಿಸಿ ಕೊಟ್ಟಿದೆ. ಕುರಿ ಮೇಯುವ ಹಾದಿ, ತೊರೆ ಹುಟ್ಟುವ ಜಾಗ, ಊರದೇವರ ಗುಡ್ಡ ಇವುಗಳ ನಕ್ಷೆ ಮಾತ್ರ ಹಳ್ಳಿಗರ ತಲೆಯಲ್ಲಿದೆ. ಅದನ್ನು ಕಾಗದಕ್ಕೆ ಇಳಿಸಲು ಅವರನ್ನೇ ಕೇಳಬೇಕು. ಕಂಬದ ಜಾಗ ಗೊತ್ತಾಗುವ ಮೊದಲೇ ಕೇಳಬೇಕು. ಎಷ್ಟೋ ಕಡೆ ಇನ್ನೂರು ಮೀಟರ್ ಆಚೆ ಸರಿಸಿದರೆ ಜಗಳವೇ ಇರುವುದಿಲ್ಲ. 2016ರ ಕೇಂದ್ರದ ಮಾರ್ಗಸೂಚಿ ಸದ್ದಿನ ಕಾರಣಕ್ಕೆ ಯಂತ್ರ ವಾಸದ ಮನೆಯಿಂದ 500 ಮೀಟರ್ ದೂರವಿರಬೇಕು ಎನ್ನುತ್ತದೆ. ಆದರೆ ಟೇಪು ಹಿಡಿದು ಅಳೆದು ತೋರಿಸುವ ಸಭೆಯೇ ಇಲ್ಲ.

2025ರ ಮಾರ್ಚ್ ಅಂತ್ಯಕ್ಕೆ ದೇಶದ ಗಾಳಿ ವಿದ್ಯುತ್ ಸಾಮರ್ಥ್ಯ 50,000 ಮೆಗಾವಾಟ್ ದಾಟಿತು. ಅದರಲ್ಲಿ ಕರ್ನಾಟಕದ್ದು 7,000ಕ್ಕೂ ಹೆಚ್ಚು. ಇನ್ನೂ ಬರಲಿವೆ, ಬರಬೇಕು ಕೂಡ. ಕಲ್ಲಿದ್ದಲನ್ನು ಹೀಗೇ ಸುಡುತ್ತ ಕೂರಲಾಗದು. ಜೊತೆಗೆ ಹಳೆಯ ಪುಟ್ಟ ಯಂತ್ರಗಳನ್ನು ಕಿತ್ತು ಅದೇ ಗಾಳಿಗೆ ದೊಡ್ಡವನ್ನು ನಿಲ್ಲಿಸುವ ನೀತಿಯನ್ನು ಕೇಂದ್ರ 2016ರಲ್ಲಿ ತಂದು 2023ರಲ್ಲಿ ಪರಿಷ್ಕರಿಸಿತು. ತೊಂಬತ್ತರ ದಶಕದ ಕಂಬಗಳಿರುವ ಗುಡ್ಡಗಳಿಗೆ ಮತ್ತೆ ಬುಲ್‌ಡೋಜರ್ ಏರಲಿದೆ. ರಸ್ತೆ ಅಗಲವಾಗಲಿದೆ, ಹೊಸ ಪಾಯ ಬೀಳಲಿದೆ. ಅದಕ್ಕೂ ಅಹವಾಲು ಸಭೆ ಕಡ್ಡಾಯವಲ್ಲ.