ಕ್ಲಚ್ ಪೆಡಲಿನ ಒಂದು ಅಂಗುಲದ ಸಡಿಲ

ಕಾರ್ತಿಕ ಮಾಸದ ಕಡೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನೆರೆಯುತ್ತದೆ. ಆ ದಿನಗಳಲ್ಲಿ ಸುತ್ತಲಿನ ಏರುರಸ್ತೆಗಳಲ್ಲಿ ವಾಹನಗಳು ಹತ್ತು ಮಾರು ಸಾಗಿ ನಿಲ್ಲುತ್ತವೆ, ಮತ್ತೆ ಹತ್ತು ಮಾರು ಸಾಗುತ್ತವೆ. ಆ ಸಾಲಿನಲ್ಲಿ ಹಳೆಯ ಜೀಪೊಂದಿದೆ ಎಂದು ಭಾವಿಸೋಣ. ಚಾಲಕನು ಕ್ಲಚ್ ಪೆಡಲನ್ನು ಮೆಲ್ಲನೆ ಬಿಡುತ್ತಾನೆ. ಒಂದು ಸ್ಥಾನದಲ್ಲಿ ಎಂಜಿನ್ನಿನ ದನಿ ತಗ್ಗುತ್ತದೆ. ಗಾಡಿ ಮುಂದಕ್ಕೆ ತುಡಿಯುತ್ತದೆ. ಇದನ್ನೇ ಚಾಲಕರು ಕ್ಲಚ್ 'ಹಿಡಿಯಿತು' ಎನ್ನುವುದು. ಆ ಸ್ಥಾನವನ್ನು ಕಾಲು ಖಚಿತವಾಗಿ ಅರಿತಿರಬೇಕು. ಪೇಟೆಯ ರಸ್ತೆಯಲ್ಲಿ ತಪ್ಪಿದರೆ ಎಂಜಿನ್ ನಿಂತೀತು. ಮಲೆನಾಡಿನ ಕಡಿದಾದ ಕಲ್ಲುಹಾದಿಯಲ್ಲಿ ತಪ್ಪಿದರೆ ವಾಹನವೇ ಹಿಂದಕ್ಕೆ ಉರುಳೀತು.

ಈ ಸ್ಥಾನವು ಹೇಗೆ ನಿರ್ಧಾರವಾಗುತ್ತದೆ? ಎಂಜಿನ್ನಿನೊಡನೆ ತಿರುಗುವ ಭಾರವಾದ ಫ್ಲೈವೀಲಿಗೂ ಬಲವಾದ ಸ್ಪ್ರಿಂಗಿನಿಂದ ಒತ್ತಲ್ಪಡುವ ಪ್ರೆಷರ್ ಪ್ಲೇಟಿಗೂ ನಡುವೆ ಕ್ಲಚ್ ಪ್ಲೇಟು ಸಿಕ್ಕಿಕೊಂಡಿರುತ್ತದೆ. ಅದರ ಎರಡು ಮೈಗಳಿಗೂ ಘರ್ಷಣೆಯ ಲೈನಿಂಗ್ ಹೊದಿಸಿರುತ್ತಾರೆ. ಎಂಜಿನ್ನಿನ ಶಕ್ತಿ ಗೇರುಗಳನ್ನು ತಲುಪುವುದು ಈ ಘರ್ಷಣೆಯ ಮೂಲಕವೇ. ಪೆಡಲನ್ನು ತುಳಿದಾಗ ಕೇಬಲು ಅಥವಾ ಸರಳು ಫೋರ್ಕನ್ನು ಎಳೆಯುತ್ತದೆ. ಫೋರ್ಕು ರಿಲೀಸ್ ಬೇರಿಂಗನ್ನು ಮುಂದಕ್ಕೆ ತಳ್ಳುತ್ತದೆ. ಬೇರಿಂಗು ಪ್ರೆಷರ್ ಪ್ಲೇಟಿನ ಸನ್ನೆಗಳನ್ನು ಅದುಮಿ ಹಿಡಿತವನ್ನು ಸಡಿಲಿಸುತ್ತದೆ.

ಹಳೆಯ ಜೀಪುಗಳಂಥ ವ್ಯವಸ್ಥೆಯಲ್ಲಿ, ಪೆಡಲನ್ನು ಮುಟ್ಟದಿರುವಾಗ ಬೇರಿಂಗಿಗೂ ಸನ್ನೆಗಳಿಗೂ ಮಧ್ಯೆ ಕಿಂಚಿತ್ ಅಂತರವಿರಬೇಕು. ಈ ಅಂತರವೇ ಪೆಡಲಿನಲ್ಲಿ ಸುಮಾರು ಒಂದು ಅಂಗುಲದಷ್ಟು ಬರಿಯ ಚಲನೆಯಾಗಿ ತೋರುತ್ತದೆ. ಮೆಕ್ಯಾನಿಕರು ಇದನ್ನು 'ಪ್ಲೇ' ಎನ್ನುತ್ತಾರೆ.

ಒಂದು ಲೆಕ್ಕ ನೋಡೋಣ. ಪೆಡಲು 12 ಮಿಲಿಮೀಟರು ಚಲಿಸಿದರೆ ಬೇರಿಂಗು 1 ಮಿಲಿಮೀಟರು ಚಲಿಸುತ್ತದೆ ಎಂದಿಟ್ಟುಕೊಳ್ಳೋಣ. ಆಗ ಪೆಡಲಿನ 24 ಮಿಲಿಮೀಟರು ಪ್ಲೇ ಎಂದರೆ ಬೇರಿಂಗಿನ ಬಳಿ ಕೇವಲ 2 ಮಿಲಿಮೀಟರು ಅಂತರ. ಲೈನಿಂಗ್ ಸವೆದಂತೆ ಪ್ರೆಷರ್ ಪ್ಲೇಟು ಫ್ಲೈವೀಲಿನ ಕಡೆಗೆ ಸರಿಯುತ್ತದೆ. ಸನ್ನೆಗಳ ತುದಿಗಳು ಅದಕ್ಕೆ ವಿರುದ್ಧವಾಗಿ ಬೇರಿಂಗಿನ ಕಡೆಗೆ ಬರುತ್ತವೆ. ಸನ್ನೆಯ ಅನುಪಾತ 4 ಆದರೆ, ಲೈನಿಂಗ್ ಅರ್ಧ ಮಿಲಿಮೀಟರು ಸವೆಯುವಷ್ಟರಲ್ಲಿ ಆ 2 ಮಿಲಿಮೀಟರು ಅಂತರ ಪೂರ್ತಿ ಮಾಯವಾಗುತ್ತದೆ! ಕ್ಲಚ್ ಹಿಡಿಯುವ ಸ್ಥಾನವೂ ಪೆಡಲಿನ ಮೇಲ್ತುದಿಗೆ ಏರಿಬಿಡುತ್ತದೆ.

ಇಲ್ಲಿಯೇ ಅನೇಕರು ಎಡವುವುದು. ಸೈಕಲ್ಲಿನ ಬ್ರೇಕು ಸವೆದಾಗ ತಂತಿಯನ್ನು ಬಿಗಿಯುವುದು ನಮಗೆಲ್ಲ ರೂಢಿ. ಕ್ಲಚ್ಚಿನಲ್ಲಿ ವಿಷಯ ತಿರುಗುಮುರುಗು: ಪ್ಲೇಟು ಸವೆದಾಗ ಕೇಬಲನ್ನು ಬಿಗಿಯಬಾರದು, ಸಡಿಲಿಸಬೇಕು. ಬಿಗಿದರೆ ಬೇರಿಂಗು ಸದಾ ಸನ್ನೆಗಳನ್ನು ಒತ್ತುತ್ತಿದ್ದು ಪ್ಲೇಟಿನ ಹಿಡಿತ ಕುಗ್ಗುತ್ತದೆ. ಏರಿನಲ್ಲಿ ಎಂಜಿನ್ ಮೊರೆಯುತ್ತದೆ, ಗಾಡಿ ಏರುವುದಿಲ್ಲ. ಶಕ್ತಿಯೆಲ್ಲ ಶಾಖವಾಗಿ ಸುಟ್ಟ ವಾಸನೆ ಬರುತ್ತದೆ. ಇದಕ್ಕೆ ಪ್ರತಿಯಾಗಿ ಕೇಬಲು ಅತಿಯಾಗಿ ಸಡಿಲವಾಗಿದ್ದರೆ, ಪೆಡಲನ್ನು ತಳಕ್ಕೆ ತುಳಿದರೂ ಕ್ಲಚ್ ಪೂರ್ತಿ ಬಿಡುವುದಿಲ್ಲ. ಗೇರು ಹಾಕುವಾಗ ಹಲ್ಲು ಕಡಿದಂತೆ ಸದ್ದಾಗುತ್ತದೆ.

ಸರಿಪಡಿಸುವ ಕ್ರಮ ಸುಲಭ. ಸಮನೆಲದಲ್ಲಿ ಗಾಡಿ ನಿಲ್ಲಿಸಿ, ಕೈಬ್ರೇಕು ಹಾಕಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ನಿಲ್ಲಿಸಬೇಕು. ಪೆಡಲಿನ ಪಕ್ಕದಲ್ಲಿ ಅಳತೆಪಟ್ಟಿಯನ್ನು ಹಿಡಿದು, ಗಟ್ಟಿಯಾದ ಪ್ರತಿರೋಧ ಸಿಗುವವರೆಗೆ ಕೈಯಿಂದಲೇ ಒತ್ತಿ ಪ್ಲೇಯನ್ನು ಅಳೆಯಬೇಕು. ತಯಾರಕರ ಕೈಪಿಡಿಯಲ್ಲಿ ಕೊಟ್ಟಿರುವ ಅಳತೆಗೆ ಹೊಂದುವಂತೆ ಕೇಬಲಿನ ಅಥವಾ ಸರಳಿನ ನಟ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಮತ್ತೆ ಅಳೆದು, ಲಾಕ್ ನಟ್ಟನ್ನು ಬಿಗಿಯಬೇಕು. 1985ರಲ್ಲಿ ಬಂದ ಮಾರುತಿ ಜಿಪ್ಸಿಯದೂ ಕೇಬಲಿನ ಕ್ಲಚ್ಚೇ. ದ್ರವದ ಒತ್ತಡದಿಂದ ನಡೆಯುವ ಕ್ಲಚ್ಚುಗಳಲ್ಲಿ ಸಾಮಾನ್ಯವಾಗಿ ಸವೆತವು ತಾನಾಗಿಯೇ ಸರಿಹೊಂದುತ್ತದೆ. ಅಲ್ಲಿ ಹಿಡಿಯುವ ಸ್ಥಾನ ತಳಕ್ಕಿಳಿದರೆ ಮೊದಲು ಕೊಳವೆಯಲ್ಲಿ ಗಾಳಿ ಸೇರಿದೆಯೇ, ದ್ರವ ಸೋರುತ್ತಿದೆಯೇ ಎಂದು ನೋಡಬೇಕು.

ಕಲ್ಲುಹಾದಿಯಲ್ಲಿ ಇನ್ನೊಂದು ಸಹಾಯವುಂಟು. 1941ರಲ್ಲಿ ತಯಾರಿಕೆ ಆರಂಭವಾದ ವಿಲಿಸ್ ಎಂ.ಬಿ. ಜೀಪಿನ ಕೆಳ ಗೇರಿನ ಅನುಪಾತ 1.97. ಅದನ್ನು ಹಾಕಿದರೆ, ಎಂಜಿನ್ನಿನ ವೇಗ ಅಷ್ಟೇ ಇದ್ದರೂ ಗಾಡಿಯ ವೇಗ ಹೆಚ್ಚುಕಡಮೆ ಅರ್ಧವಾಗುತ್ತದೆ. ಹೊರಡುವಾಗ ಕ್ಲಚ್ಚು ಜಾರಬೇಕಾದ ಕಾಲವೂ ಕಡಮೆ, ಸವೆತವೂ ಕಡಮೆ.

ಪರಿಷೆಯ ಸ್ಥಳಕ್ಕೆ ದೂರವಲ್ಲದ ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗಗಳ ಅಂಗಡಿಗಳಿವೆ. ವಿದ್ಯಾರ್ಥಿಗಳು ಅಲ್ಲಿ ಹೊಸ ಕ್ಲಚ್ ಪ್ಲೇಟೊಂದನ್ನು ಕೈಯಲ್ಲಿ ಹಿಡಿದು ನೋಡಲಿ. ಲೈನಿಂಗಿನ ದಪ್ಪ ಎಷ್ಟು ಅಲ್ಪವೆಂಬುದು ಆಗ ತಿಳಿಯುತ್ತದೆ. ನಟ್ಟನ್ನು ತಿರುಗಿಸಿ ಪ್ಲೇಯನ್ನು ಮರಳಿ ಪಡೆಯಬಹುದು. ಸವೆದ ಲೈನಿಂಗನ್ನು ಮರಳಿ ಪಡೆಯಲಾಗದು. ಹಿಡಿಯುವ ಸ್ಥಾನವನ್ನು ಕಾಲಿನ ಅನುಕೂಲಕ್ಕೆಂದು ಬದಲಿಸುವ ಮುನ್ನ ಪ್ಲೇಯನ್ನು ಅಳೆಯುವುದೇ ಜಾಣತನ.