ಪಾತ್: ತಂತ್ರಾಂಶಗಳ ವಿಳಾಸಪಟ್ಟಿ

ಜಾವಾ ಅಥವಾ ಪೈಥಾನ್‌ನಂತಹ ತಂತ್ರಾಂಶವನ್ನು ಕ್ರಮವಾಗಿಯೇ ಇನ್‌ಸ್ಟಾಲ್ ಮಾಡಿದ ಮೇಲೂ ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದರ ಹೆಸರನ್ನು ಟೈಪ್ ಮಾಡಿದಾಗ, ಅಂತಹ ಕಮಾಂಡ್ ತನಗೆ ಗೊತ್ತೇ ಇಲ್ಲವೆಂದು ವಿಂಡೋಸ್ ಉತ್ತರಿಸುವುದುಂಟು. ತಂತ್ರಾಂಶವೇ ಕೆಟ್ಟಿದೆಯೆಂದು ಭಾವಿಸಿ ಅದನ್ನು ಅಳಿಸಿ ಮತ್ತೆ ಹಾಕುವವರ ಶ್ರಮ ಬಹುಪಾಲು ವ್ಯರ್ಥವಾಗುತ್ತದೆ. ಏಕೆಂದರೆ ಅಲ್ಲಿ ಸಾಮಾನ್ಯವಾಗಿ ಕೊರತೆಯಾಗಿರುವುದು ತಂತ್ರಾಂಶವಲ್ಲ, ಅದಿರುವ ಫೋಲ್ಡರಿನ ವಿಳಾಸ.

ಆ ವಿಳಾಸವನ್ನು ಹೇಳುವುದು ಎನ್ವಿರಾನ್‌ಮೆಂಟ್ ವೇರಿಯಬಲ್, ಅಂದರೆ ಪ್ರೋಗ್ರಾಂಗಳು ಓದಿಕೊಳ್ಳಲೆಂದು ಒಂದು ಹೆಸರಿನಡಿ ಬರೆದಿಟ್ಟ ಮಾಹಿತಿ. 1979ರಲ್ಲಿ ಬೆಲ್ ಲ್ಯಾಬ್ಸ್ ಹೊರತಂದ ಯುನಿಕ್ಸ್‌ನ ಏಳನೆಯ ಆವೃತ್ತಿಯಿಂದ ಬಳಕೆಗೆ ಬಂದ ಈ ಏರ್ಪಾಡು ಇಂದಿಗೂ ಹೆಚ್ಚು ಬದಲಾಗದೆ ಉಳಿದಿದೆ. ಇಂತಹ ವೇರಿಯಬಲ್‌ಗಳಲ್ಲಿ ಮುಖ್ಯವಾದ 'ಪಾತ್' ಫೋಲ್ಡರುಗಳ ಒಂದು ಪಟ್ಟಿ. ವಿಂಡೋಸ್‌ನಲ್ಲಿ ಅರ್ಧವಿರಾಮದಿಂದಲೂ ಲಿನಕ್ಸ್‌ನಲ್ಲಿ ಕೋಲನ್‌ನಿಂದಲೂ ಬೇರ್ಪಟ್ಟಿರುವ ಈ ಫೋಲ್ಡರುಗಳನ್ನು ವ್ಯವಸ್ಥೆಯು ಮೊದಲಿನಿಂದ ಒಂದೊಂದಾಗಿ ಹುಡುಕುತ್ತ ಹೋಗಿ, ಮೊದಲು ಸಿಕ್ಕಿದ ಪ್ರೋಗ್ರಾಂ ಅನ್ನೇ ಓಡಿಸುತ್ತದೆ. ಹೊಸ ಜಾವಾ ಹಾಕಿದ ಮೇಲೂ ಹಳೆಯದೇ ಓಡುತ್ತಿದ್ದರೆ, ಹಳೆಯದರ ವಿಳಾಸ ಪಟ್ಟಿಯಲ್ಲಿ ಮೇಲಿರುವ ಸಂಭವವೇ ಹೆಚ್ಚು.

'ಜಾವಾ_ಹೋಮ್' ಎಂಬುದು ಇನ್ನೊಂದು ವೇರಿಯಬಲ್. ಮೇವನ್‌ನಂತಹ ಉಪಕರಣಗಳು ಜಾವಾ ಎಲ್ಲಿದೆಯೆಂದು ತಿಳಿಯಲು ಇದನ್ನು ನೋಡುತ್ತವೆ. ಇದರಲ್ಲಿ ಜೆಡಿಕೆಯ, ಅಂದರೆ ಜಾವಾ ಪ್ರೋಗ್ರಾಂ ರಚನೆಯ ಕಿಟ್‌ನ, ಮುಖ್ಯ ಫೋಲ್ಡರಿನ ವಿಳಾಸವಿರಬೇಕೇ ಹೊರತು ಅದರೊಳಗಿನ 'ಬಿನ್' ಫೋಲ್ಡರಿನದಲ್ಲ; 'ಬಿನ್' ಸೇರಬೇಕಾದುದು ಪಾತ್‌ಗೆ. ಹೊಸಬರು ಎಡವುವ ಜಾಗಗಳಲ್ಲಿ ಇದೂ ಒಂದು. ಲಿನಕ್ಸ್‌ನ 'ಲ್ಯಾಂಗ್' ವೇರಿಯಬಲ್‌ಗೆ ಭಾರತದ ಕನ್ನಡದ ಸಂಕೇತವನ್ನು ಕೊಟ್ಟರೆ, ಆ ಭಾಷೆಯ ಸೌಲಭ್ಯ ವ್ಯವಸ್ಥೆಯಲ್ಲಿದ್ದ ಪಕ್ಷದಲ್ಲಿ, ಅನುವಾದವಿರುವ ತಂತ್ರಾಂಶಗಳ ಮೆನುಗಳು ಕನ್ನಡದಲ್ಲಿಯೇ ತೆರೆದುಕೊಳ್ಳುತ್ತವೆ. ಒಂದೇ ಸಾಲಿನ ಬದಲಾವಣೆಯಿಂದ ದೊರೆಯುವ ಈ ಅನುಕೂಲ ಹೆಚ್ಚಿನವರಿಗೆ ತಿಳಿದಿಲ್ಲವೆಂಬುದು ಖೇದದ ಸಂಗತಿ.

ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವುದು ವೇರಿಯಬಲ್‌ಗಳು ಪ್ರೋಗ್ರಾಂ ಅನ್ನು ತಲುಪುವ ರೀತಿ. ಪ್ರತಿಯೊಂದು ಪ್ರೋಗ್ರಾಂ ತಾನು ಆರಂಭವಾಗುವ ಗಳಿಗೆಯಲ್ಲಿ, ತನ್ನನ್ನು ಆರಂಭಿಸಿದ ಪ್ರೋಗ್ರಾಂನಿಂದ ಈ ವೇರಿಯಬಲ್‌ಗಳ ಒಂದು ಪ್ರತಿಯನ್ನು ಪಡೆಯುತ್ತದೆ, ಮತ್ತು ಸೆಟ್ಟಿಂಗ್ಸ್‌ನಲ್ಲಿ ಆಮೇಲೆ ಮಾಡಿದ ತಿದ್ದುಪಡಿ ಆ ಪ್ರತಿಯನ್ನು ಮುಟ್ಟುವುದಿಲ್ಲ. ಆದ್ದರಿಂದಲೇ ಮೊದಲೇ ತೆರೆದಿದ್ದ ಕಮಾಂಡ್ ಪ್ರಾಂಪ್ಟ್ ಹೊಸ ಪಾತ್ ಅನ್ನು ಕಾಣದು. ಅದನ್ನು ಮುಚ್ಚಿ ಹೊಸದನ್ನು ತೆರೆಯಲೇಬೇಕು.

ವಿಂಡೋಸ್‌ನಲ್ಲಿ ಪಾತ್ ತಿದ್ದಲು 'ಸೆಟ್‌ಎಕ್ಸ್' ಕಮಾಂಡ್ ಬಳಸುವವರು ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ಅದು 1024 ಅಕ್ಷರಗಳನ್ನು ಮೀರಿದ ಭಾಗವನ್ನು ಕತ್ತರಿಸಿ ಉಳಿದಷ್ಟನ್ನೇ ಉಳಿಸುವುದರಿಂದ, ಉದ್ದನೆಯ ಪಟ್ಟಿಯಿರುವ ಕಂಪ್ಯೂಟರಿನಲ್ಲಿ ಬೇರೆ ತಂತ್ರಾಂಶಗಳ ವಿಳಾಸಗಳೂ ಅಳಿಸಿಹೋಗುತ್ತವೆ. ಹಳೆಯ ಪಾತ್ ಅನ್ನು ನೋಟ್‌ಪ್ಯಾಡ್‌ನಲ್ಲಿ ನಕಲಿಸಿಟ್ಟುಕೊಂಡು, ಎನ್ವಿರಾನ್‌ಮೆಂಟ್ ವೇರಿಯಬಲ್ಸ್ ಕಿಟಕಿಯಲ್ಲಿಯೇ ಹೊಸ ಸಾಲನ್ನು ಸೇರಿಸುವುದು ಕ್ಷೇಮ.