ದುರ್ಜಯ ವೈರಿಯ ಜಯೋಪಾಯ: ಕಿಷ್ಕಿಂಧೆಯ ವಾಲಿಯೂ ವಿಡಿಯೋ ಗೇಮಿನ ‘ಬಾಸ್’ ರಕ್ಕಸನೂ

ತುಂಗಭದ್ರೆಯ ಎಡದಡದಲ್ಲಿರುವ ಆನೆಗುಂದಿಯ ಸುತ್ತಣ ಕಲ್ಲುಗುಡ್ಡಗಳೇ ಕಿಷ್ಕಿಂಧೆಯೆಂದು ಜನರು ತಲೆತಲಾಂತರದಿಂದ ನಂಬಿಬಂದಿರುವರು. ಅಂಜನಾದ್ರಿ, ಪಂಪಾಸರೋವರ, ರಾಮನು ಮರೆಯಲ್ಲಿ ನಿಂತು ಬಾಣಬಿಟ್ಟನೆಂದು ಹೇಳುವ ಚಿಂತಾಮಣಿ, ಇವೆಲ್ಲವೂ ಅಲ್ಲಿಯೇ ಇರುವುವು. ಹೊಳೆಯ ಆಚೆಯ ದಡದಲ್ಲಿ ನಿಂಬಾಪುರದ ಬಳಿಯ ಬೂದಿದಿಬ್ಬವನ್ನು ವಾಲಿಯ ಚಿತಾಭಸ್ಮವೆಂದು ತೋರಿಸುವರು. ಬಳ್ಳಾರಿ ಪ್ರಾಂತದ ಇಂತಹ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ಕೂಡಿಸಿದ ಸಗಣಿಯ ರಾಶಿ ಸುಟ್ಟು ಉಂಟಾದುವೆಂದು ಪುರಾತತ್ತ್ವಜ್ಞರ ಮತ. ಅದರ ವಿಚಾರವು ಇಲ್ಲಿ ಅಪ್ರಸ್ತುತ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳು ೧೯೯೭ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಒಂದು ಜಿಲ್ಲೆಯಾದುವು. ಈ ಸೀಮೆಯಲ್ಲಿ ವಾಲಿವಧೆಯ ಪಾಠವನ್ನು ಹೇಳುವ ಉಪಾಧ್ಯಾಯರಿಗೆ ಅದು ಊರಿನ ಕಥೆಯನ್ನು ಹೇಳಿದಂತೆಯೇ ಸರಿ.

ಪಾಠದ ಕೊನೆಗೆ ಬರುವ ಪ್ರಶ್ನೆಯು ಮಾತ್ರ ಎಲ್ಲೆಲ್ಲಿಯೂ ಒಂದೇ. ರಾಮನು ಏಕೆ ಮರೆಯಲ್ಲಿ ನಿಂತನು? ಇದಕ್ಕೆ ಸಾಮಾನ್ಯವಾಗಿ ಕೊಡುವ ಉತ್ತರವು ಎಲ್ಲರಿಗೂ ಗೊತ್ತು: ಎದುರಿಗೆ ನಿಂತವನ ಅರ್ಧಬಲವು ವಾಲಿಗೆ ಬಂದು ಸೇರುವಂತೆ ವರವಿದ್ದಿತು, ಆದಕಾರಣ ಎದುರಿಗೆ ನಿಲ್ಲುವಂತಿರಲಿಲ್ಲ. ಇಂದಿನ ವಿದ್ಯಾರ್ಥಿಗಳು ಈ ಉತ್ತರವನ್ನು ಹಿಂದಿನವರಿಗಿಂತ ಬೇಗನೆ ಒಪ್ಪಿಕೊಳ್ಳುವರು. ಅವರು ವಿಡಿಯೋ ಗೇಮುಗಳನ್ನು ಆಡಿ ಬಲ್ಲವರು. ಅಲ್ಲಿಯ ಪ್ರತಿಯೊಂದು ಮಹಾರಾಕ್ಷಸನಿಗೂ ಇಂಥದೇ ಒಂದು ಕಟ್ಟಳೆಯಿರುವುದು. ಒಪ್ಪಿಕೊಂಡ ಮಾತ್ರಕ್ಕೆ ಉತ್ತರವು ಸರಿಯಾಯಿತೆ ಎಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಅದಕ್ಕಾಗಿ ಮೊದಲು ಆ ಆಟದ ರಾಕ್ಷಸನನ್ನು ಸ್ವಲ್ಪ ಪರಿಚಯ ಮಾಡಿಕೊಳ್ಳಬೇಕಾಗಿದೆ. ಆಟದ ಹೆಸರೆತ್ತಿದರೆ ವಿದ್ವತ್ಪತ್ರಿಕೆಗೆ ಕುಂದಾಗುವುದೆಂದು ನಾವು ಭಾವಿಸುವುದಿಲ್ಲ. ಪಗಡೆಯಿಲ್ಲದೆ ಭಾರತವೇ ನಡೆಯದು.

ಸಾಹಸದ ಆಟಗಳಲ್ಲಿ ಆಡುವವನು ಒಬ್ಬ ವೀರನನ್ನು ನಡೆಯಿಸುತ್ತ ಕಾಡು, ಗುಹೆ, ಪಾಳುಕೋಟೆಗಳನ್ನು ದಾಟುವನು. ದಾರಿಯಲ್ಲಿ ಸಿಕ್ಕುವ ಕ್ಷುದ್ರ ಶತ್ರುಗಳು ಒಂದೆರಡು ಏಟಿಗೆ ಬೀಳುವರು. ಕೊನೆಗೆ ಬಾಗಿಲನ್ನು ಕಾಯುವ ಒಬ್ಬ ಪ್ರಬಲನು ಎದುರಾಗುವನು. ಇವನಿಗೇ ‘ಬಾಸ್’ ಎಂದು ಹೆಸರು. ೧೯೭೫ರಲ್ಲಿ ಅಮೆರಿಕದ ಪ್ಲೇಟೋ ಎಂಬ ಗಣಕಜಾಲದಲ್ಲಿ ರಚಿತವಾದ ‘ಡಿಎನ್‌ಡಿ’ ಎಂಬ ಆಟದ ಚಿನ್ನದ ಡ್ರ್ಯಾಗನ್ನೇ ಈ ಕುಲದ ಮೂಲಪುರುಷನೆಂದು ಸಾಮಾನ್ಯವಾಗಿ ಹೇಳುವರು. ಇವನನ್ನು ಬರಿಯ ತೋಳ್ಬಲದಿಂದ ಗೆಲ್ಲಲಾಗದು, ಅರಿತು ಗೆಲ್ಲಬೇಕು. ಜಪಾನಿನ ನಿಂಟೆಂಡೋ ಸಂಸ್ಥೆಯವರು ೧೯೮೬ರಲ್ಲಿ ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ಆಟವು ಇದಕ್ಕೆ ಒಳ್ಳೆಯ ನಿದರ್ಶನ. ಅದರಲ್ಲಿ ಡೊಡಾಂಗೋ ಎಂಬ ಮೃಗಕ್ಕೆ ಬಾಂಬನ್ನು ನುಂಗಿಸಬೇಕು. ಗೋಮಾ ಎಂಬ ಒಕ್ಕಣ್ಣಿನ ಜಂತುವಿಗೆ ಕಣ್ಣು ತೆರೆದಿರುವಾಗಲೇ ಬಾಣ ತಾಗಬೇಕು. ಮುಚ್ಚಿರುವಾಗ ಬಿಟ್ಟ ಬಾಣ ವ್ಯರ್ಥ. ಡಿಗ್‌ಡಾಗರ್ ಎಂಬುದು ಕೊಳಲಿನ ದನಿಗೆ ಕುಗ್ಗಿದ ಬಳಿಕವೇ ಕತ್ತಿಗೆ ಸಿಕ್ಕುವುದು. ಎಲ್ಲರಿಗೂ ಮೇಲಾದ ಗ್ಯಾನನ್ ಎಂಬವನು ಕಣ್ಣಿಗೆ ಕಾಣದೆ ಕಾದುವನು. ಅವನನ್ನು ಕತ್ತಿಯಿಂದ ಹೊಡೆದು ಕಾಣಿಸಿಕೊಳ್ಳುವಂತೆ ಮಾಡಿ, ಕಡೆಗೆ ಬೆಳ್ಳಿಯ ಬಾಣದಿಂದಲೇ ಕೊಲ್ಲಬೇಕು. ನಮ್ಮ ಪುರಾಣಗಳ ವಾಸನೆಯುಳ್ಳವರಿಗೆ ಇದರಲ್ಲಿ ಹೊಸತೇನೂ ತೋರದು. ಹಿರಣ್ಯಕಶಿಪುವಿಗೆ ಹೊಸ್ತಿಲೂ ಸಂಧ್ಯೆಯೂ ಉಗುರೂ, ದುರ್ಯೋಧನನಿಗೆ ತೊಡೆಯೂ ಗೊತ್ತಾಗಿದ್ದಂತೆಯೇ ಇದು.

ಆಟದಲ್ಲಿ ಪಳಗಿದವರ ಯುದ್ಧನೀತಿಯನ್ನು ನೋಡಿದರೆ ಅದರಲ್ಲಿ ಒಂದು ಕ್ರಮವು ಕಾಣಬರುವುದು. ಮೊದಲ ಸಲ ಅವರು ಗೆಲ್ಲಬೇಕೆಂದು ನುಗ್ಗುವುದಿಲ್ಲ, ನೋಡಬೇಕೆಂದು ಹೋಗುವರು. ರಕ್ಕಸನು ಹೊಡೆಯುವ ಮುನ್ನ ಒಂದು ಸೂಚನೆಯನ್ನು ಕೊಡುವನು: ತೋಳನ್ನು ಹಿಂದಕ್ಕೆ ಸೆಳೆಯುವುದು, ಗರ್ಜಿಸುವುದು, ಒಂದು ಹೆಜ್ಜೆ ಸರಿಯುವುದು. ಹೊಡೆತವು ಮುಗಿದ ಮೇಲೆ ಅವನು ಸಾವರಿಸಿಕೊಳ್ಳಲು ಒಂದು ಕ್ಷಣ ಬೇಕು. ಆ ಕ್ಷಣದಲ್ಲಿ ಒಂದೋ ಎರಡೋ ಏಟುಗಳನ್ನು ಕೊಟ್ಟು ಹಿಂದಕ್ಕೆ ಸರಿಯಬೇಕು. ಮೂರನೆಯದಕ್ಕೆ ಆಸೆಪಟ್ಟವನು ಸಾಯುವನು. ಅವನ ಬಲವು ಅರ್ಧಕ್ಕಿಳಿದಾಗ ನಡೆಯು ಬದಲಾಗುವುದೂ ಉಂಟು. ಆಗ ಕಲಿತದ್ದನ್ನು ಬಿಟ್ಟು ಮತ್ತೆ ನೋಡಬೇಕಾಗುವುದು. ೨೦೦೫ರ ‘ಷಾಡೋ ಆಫ್ ದಿ ಕೊಲೋಸಸ್’ ಎಂಬ ಆಟದಲ್ಲಿ ಹದಿನಾರು ಮಹಾಕಾಯರಿದ್ದು, ವೀರನು ಕತ್ತಿಯಿಂದ ಬೆಳಕನ್ನು ಹಾಯಿಸಿ ಅವರ ಮರ್ಮಸ್ಥಾನವನ್ನು ಕಂಡುಕೊಂಡು ಮೈಮೇಲೆ ಹತ್ತಿ ಇರಿಯಬೇಕು. ೨೦೧೧ರ ‘ಡಾರ್ಕ್ ಸೋಲ್ಸ್’ ಎಂಬುದರಲ್ಲಿ ಆರ್ನ್‌ಸ್ಟೀನ್ ಮತ್ತು ಸ್ಮೌ ಎಂಬ ಇಬ್ಬರು ಜೊತೆಗೂಡಿ ಬರುವರು. ಒಬ್ಬನು ಚುರುಕಿನ ಈಟಿಗಾರ, ಇನ್ನೊಬ್ಬನು ದೈತ್ಯದೇಹದ ಸುತ್ತಿಗೆಯವನು. ಒಬ್ಬನು ಬಿದ್ದೊಡನೆ ಉಳಿದವನು ಅವನ ಶಕ್ತಿಯನ್ನು ಹೀರಿಕೊಂಡು ಪೂರ್ಣಬಲದಿಂದ ಏಳುವನು. ಬಲ್ಲವರು ಅಲ್ಲಿಯ ಕಂಬಗಳನ್ನು ನಡುವೆ ಇಟ್ಟುಕೊಂಡು ಇಬ್ಬರನ್ನೂ ಅಗಲಿಸಿ ಕಾದುವರು. ಎದುರಾಳಿಯ ಬಲವು ಇನ್ನೊಬ್ಬನಿಗೆ ಹೋಗುವ ಈ ಕಲ್ಪನೆಯೂ, ಕಂಬದ ಮರೆಯೂ ವಾಲಿಯ ಕಥೆಗೆ ಎಷ್ಟು ಸಮೀಪವಾಗಿವೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇನ್ನು ವಾಲ್ಮೀಕಿಯ ಕಿಷ್ಕಿಂಧಾಕಾಂಡವನ್ನು ಇದೇ ಕಣ್ಣಿನಿಂದ ನೋಡೋಣ. ದುಂದುಭಿಯೆಂಬ ಕೋಣನ ರೂಪಿನ ದಾನವನು ಮೊದಲು ಸಮುದ್ರವನ್ನು ಕಾಳಗಕ್ಕೆ ಕರೆದನು. ಸಮುದ್ರನು ಹಿಮವಂತನನ್ನು ತೋರಿಸಿದನು. ಹಿಮವಂತನು ವಾಲಿಯನ್ನು ತೋರಿಸಿದನು. ವಾಲಿಯು ಅವನನ್ನು ಕೊಂದು ಹೆಣವನ್ನು ಒಂದು ಯೋಜನದಾಚೆಗೆ ಎಸೆದನು. ನೆತ್ತರ ಹನಿಗಳು ಮತಂಗ ಮುನಿಯ ಆಶ್ರಮದಲ್ಲಿ ಬಿದ್ದುವು. ಮುನಿಯು ಆ ವನಕ್ಕೆ ವಾಲಿಯು ಕಾಲಿಡದಂತೆ ಶಪಿಸಿದನು. ಸುಗ್ರೀವನು ನಾಲ್ವರು ಸಂಗಡಿಗರೊಡನೆ ಋಷ್ಯಮೂಕದಲ್ಲಿ ಸೇರಿಕೊಂಡದ್ದು ಈ ಶಾಪದ ಆಸರೆಯಿಂದ. ಶತ್ರುವು ದಾಟಲಾರದ ಗೆರೆಯೊಂದಿದ್ದು, ಅದರೊಳಗೆ ನಿಂತು ಉಸಿರಾಡಿಕೊಳ್ಳಬಹುದಾದ ಇಂಥ ಎಡೆಯು ಆಟಗಳಲ್ಲಿ ತಪ್ಪದೆ ಇರುವುದು.

ಮುಂದೆ ಬಲಪರೀಕ್ಷೆ. ರಾಮನು ದುಂದುಭಿಯ ಅಸ್ಥಿಯ ರಾಶಿಯನ್ನು ಕಾಲಿನ ಹೆಬ್ಬೆರಳಿನಿಂದ ಹತ್ತು ಯೋಜನ ದೂರಕ್ಕೆ ಚಿಮ್ಮಿದನು. ಮತ್ತೊಬ್ಬ ಕವಿಯಾಗಿದ್ದರೆ ಸುಗ್ರೀವನಿಂದ ಜಯಘೋಷವನ್ನು ಮಾಡಿಸುತ್ತಿದ್ದನು. ವಾಲ್ಮೀಕಿಯ ಸುಗ್ರೀವನಾದರೋ ಆಕ್ಷೇಪವನ್ನು ತೆಗೆಯುವನು: ವಾಲಿಯು ಎಸೆದಾಗ ಅದು ಹಸಿಯ ಮಾಂಸದಿಂದ ಭಾರವಾಗಿದ್ದಿತು, ಈಗ ಒಣಗಿ ಹಗುರವಾಗಿದೆ; ಇದರಿಂದ ಹೆಚ್ಚುಕಡಿಮೆಯು ತಿಳಿಯದು. ಭಯದಿಂದ ಬದುಕಿದವನ ಲೆಕ್ಕಾಚಾರವು ಹೀಗೆಯೇ ಇರುವುದು. ಬಳಿಕ ರಾಮನು ಒಂದೇ ಬಾಣದಿಂದ ಏಳು ಸಾಲವೃಕ್ಷಗಳನ್ನು ಭೇದಿಸಿ ತೋರಿಸಿದ ಮೇಲೆಯೇ ಅವನ ಸಂದೇಹವು ಅಳಿಯಿತು.

ಇಷ್ಟಾದರೂ ಮೊದಲನೆಯ ಕಾಳಗವು ಸೋಲಿನಲ್ಲಿ ಮುಗಿದುದನ್ನು ಗಮನಿಸಬೇಕು. ಅಣ್ಣತಮ್ಮಂದಿರು ರೂಪಿನಲ್ಲಿಯೂ ನಡೆಯಲ್ಲಿಯೂ ಒಂದೇ ತೆರನಾಗಿದ್ದುದರಿಂದ ರಾಮನು ಬಾಣವನ್ನು ಬಿಡಲಿಲ್ಲ. ಸುಗ್ರೀವನು ಪೆಟ್ಟುತಿಂದು ಋಷ್ಯಮೂಕಕ್ಕೆ ಓಡಿದನು. ಆಗ ಲಕ್ಷ್ಮಣನು ಗಜಪುಷ್ಪಿಯೆಂಬ ಹೂಬಳ್ಳಿಯನ್ನು ಕಿತ್ತು ಗುರುತಿಗಾಗಿ ಅವನ ಕೊರಳಿಗೆ ಹಾಕಿದನು. ಎರಡನೆಯ ಸಲ ವಾಲಿಯು ಬಿದ್ದನು. ನೋಡುವುದು, ಬಲವನ್ನು ಪರೀಕ್ಷಿಸುವುದು, ಸೋಲುವುದು, ಸೋಲಿನ ಕಾರಣವನ್ನು ಅರಿಯುವುದು, ಒಂದು ಸಣ್ಣ ತಿದ್ದುಪಾಟನ್ನು ಮಾಡಿಕೊಂಡು ಮರಳಿ ಹೋಗುವುದು, ಈ ಪ್ರಕ್ರಿಯೆಯು ಆಟಗಾರನು ಬಾಸ್‌ನನ್ನು ಗೆಲ್ಲುವ ಪ್ರಕ್ರಿಯೆಯೇ ಸರಿ. ಗೆಲವಿಗೆ ಬೇಕಾದದ್ದು ದಿವ್ಯಾಸ್ತ್ರವಲ್ಲ, ಒಂದು ಬಳ್ಳಿ ಎಂಬುದರಲ್ಲಿ ಕವಿಯ ಲೋಕಜ್ಞಾನವು ಕಾಣುವುದು.

ಈ ಗುರುತಿನ ತೊಡಕು ಜೈನಪರಂಪರೆಯಲ್ಲಿಯೂ ಉಳಿದುಬಂದಿರುವುದು ವಿಶೇಷ. ವಿಮಲಸೂರಿಯ ‘ಪಉಮಚರಿಯ’ದ ಹಾದಿಯಲ್ಲಿ ವಾಲಿಯು ವಿರಕ್ತನಾಗಿ ದೀಕ್ಷೆಯನ್ನು ಹೊಂದುವನು, ರಾಮನ ಕೈಗೆ ಅವನ ಕೊಲೆಯು ಅಂಟುವುದೇ ಇಲ್ಲ. ನಮ್ಮ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವೂ ಆ ಪರಂಪರೆಯದೇ. ಅಲ್ಲಿ ಸುಗ್ರೀವನ ವೈರಿಯು ತಾರೆಗಾಗಿ ಸುಗ್ರೀವನ ರೂಪವನ್ನೇ ತಾಳಿದ ಸಾಹಸಗತಿಯೆಂಬ ವಿದ್ಯಾಧರ. ನಿಜವಾವುದು, ಮಾಯೆಯಾವುದು ಎಂಬುದು ಅಲ್ಲಿಯೂ ಸಮಸ್ಯೆ. ವಿಮಲಸೂರಿಯಲ್ಲಿ ರಾಮನ ಸಮ್ಮುಖದಲ್ಲಿ ಮಾಯಾವಿದ್ಯೆಯು ಅವನನ್ನು ಬಿಟ್ಟುಹೋಗಿ ನಿಜರೂಪವು ಬಯಲಾಗುವುದು. ಗ್ಯಾನನ್ನನನ್ನು ಕಾಣಿಸಿಕೊಳ್ಳುವಂತೆ ಮಾಡಿ ಕೊಲ್ಲುವ ಕ್ರಮಕ್ಕೆ ಇದೇ ಹೆಚ್ಚು ಹೋಲುವುದು. ಕೊಲೆಯ ಧರ್ಮಸಂಕಟವನ್ನು ಜೈನಕವಿಗಳು ಕಥೆಯನ್ನೇ ಬದಲಿಸಿ ನೇರವಾಗಿ ಬಗೆಹರಿಸಿಕೊಂಡರು. ಅದು ಪ್ರಾಮಾಣಿಕವಾದ ಮಾರ್ಗ.

ಅರ್ಧಬಲದ ವರವು ಅಷ್ಟು ನೇರವಾದುದಲ್ಲ. ವಾಲ್ಮೀಕಿಯಲ್ಲಿ ಆ ವರವಿಲ್ಲ. ಅಲ್ಲಿರುವುದು ಇಂದ್ರನು ಕೊಟ್ಟ ಕಾಂಚನಮಾಲೆ. ಬಾಣವು ನಾಟಿ ಬಿದ್ದ ಮೇಲೆಯೂ ವಾಲಿಯ ಪ್ರಾಣವನ್ನೂ ತೇಜಸ್ಸನ್ನೂ ಹಿಡಿದು ನಿಲ್ಲಿಸಿದುದು ಆ ಮಾಲೆ. ವರದ ಮಾತು ಬರುವುದು ಕಂಬರಾಮಾಯಣದಂತಹ ಅನಂತರದ ಕೃತಿಗಳಲ್ಲಿ, ಜನರ ಬಾಯಲ್ಲಿ. ವಾಲಿಯು ಬಿದ್ದು ರಾಮನನ್ನು ನಿಂದಿಸುವಾಗ, ಬೇರೊಬ್ಬನೊಡನೆ ಕಾದುತ್ತಿದ್ದ ನನ್ನನ್ನು ಕಾಣದಂತೆ ನಿಂತು ಏಕೆ ಹೊಡೆದೆ ಎಂದು ಕೇಳುವನು. ರಾಮನು ಕೊಡುವ ಉತ್ತರಗಳು ಹಲವು: ಭೂಮಿಯು ಭರತನದು, ಅವನ ಆಜ್ಞೆಯಿಂದ ದಂಡಿಸಿದೆನು, ತಮ್ಮನ ಹೆಂಡತಿಯನ್ನು ಇಟ್ಟುಕೊಂಡವನು ದಂಡಾರ್ಹನು, ಸಖನಿಗೆ ಮಾತು ಕೊಟ್ಟಿದ್ದೆನು, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡುವುದು ರೂಢಿ. ನಿನ್ನೆದುರಿಗೆ ನಿಂತರೆ ನನ್ನ ಬಲವು ಕುಂದುತ್ತಿದ್ದಿತೆಂದು ಅವನು ಎಲ್ಲಿಯೂ ಹೇಳುವುದಿಲ್ಲ. ಅಂತಹ ಸುಲಭವಾದ ಸಮಾಧಾನವಿದ್ದಿದ್ದರೆ ಒಂದರ ಮೇಲೊಂದು ಕಾರಣಗಳನ್ನು ಒಡ್ಡುವ ಅಗತ್ಯವೇ ಇರಲಿಲ್ಲ. ವರವು ಧರ್ಮದ ಪ್ರಶ್ನೆಯನ್ನು ಆಟದ ಕಟ್ಟಳೆಯನ್ನಾಗಿ ಮಾರ್ಪಡಿಸುವುದು. ಗೋಮಾಳ ಕಣ್ಣು ತೆರೆದಾಗ ಹೊಡೆದವನನ್ನು ಯಾರೂ ಧರ್ಮವನ್ನು ಕೇಳುವುದಿಲ್ಲವಷ್ಟೆ. ತರಗತಿಯಲ್ಲಿ ವರವನ್ನು ಹೇಳಿ ಪಾಠವನ್ನು ಮುಗಿಸುವ ಉಪಾಧ್ಯಾಯರು ವಾಲ್ಮೀಕಿಯು ಎತ್ತಿದ ಪ್ರಶ್ನೆಗೆ ಉತ್ತರವನ್ನು ಕೊಟ್ಟಂತಾಗಲಿಲ್ಲ, ಪ್ರಶ್ನೆಯನ್ನೇ ಅಳಿಸಿದಂತಾಯಿತು.

ಆಟಕ್ಕೂ ಕಾವ್ಯಕ್ಕೂ ಇರುವ ಇನ್ನೊಂದು ಭೇದವು ಸಾವಿನದು. ಆಟಗಾರನು ನೂರು ಸಲ ಸತ್ತು ಕಲಿಯುವನು. ಡಾರ್ಕ್ ಸೋಲ್ಸಿನಲ್ಲಿ ಸತ್ತವನು ಹಿಂದಿನ ಅಗ್ಗಿಷ್ಟಿಕೆಯ ಬಳಿ ಮತ್ತೆ ಏಳುವನು. ಸುಗ್ರೀವನಿಗೆ ದೊರೆತದ್ದು ಒಂದೇ ಮರುಯತ್ನ, ಅದೂ ಮತಂಗನ ಶಾಪದ ಪುಣ್ಯದಿಂದ. ಗಂಗಾವತಿಗೆ ಸಮೀಪದ ಕುಮ್ಮಟದುರ್ಗದ ಕುಮಾರರಾಮನಿಗೆ ಅದೂ ಇರಲಿಲ್ಲ. ನಂಜುಂಡಕವಿಯ ‘ರಾಮನಾಥಚರಿತೆ’ಯಲ್ಲಿ ಡಿಲ್ಲಿಯ ದಂಡು ಅಲೆಯಲೆಯಾಗಿ ಬಂದು ಮುತ್ತುವುದು, ಅವನು ಸೋಲಿಸಿ ಕಳುಹಿಸುವುದು, ಕಡೆಗೆ ಮಾತಂಗಿಯು ದಂಡೆತ್ತಿ ಬಂದಾಗ ಬೀಳುವುದು ಬರುವುವು. ಚರಿತ್ರೆಯಲ್ಲಿ ಕಂಪಿಲಿಯ ಅಳಿವು ೧೩೨೭ರಲ್ಲಿ. ಅಲ್ಲಿ ನೋಡನೋಡುತ್ತ ಕಲಿತವರು ಮುತ್ತಿದವರು; ಕಥೆಯನ್ನು ಹಾಡಿದವರು ಮಾತ್ರ ಬಿದ್ದವನ ಕಡೆಯವರು. ಹಾಡಿನಂತೆಯೇ ಬೊಂಬೆಯಾಟವೂ ಈ ನಾಡಿನಲ್ಲಿ ರಾಮಾಯಣವನ್ನು ಉಳಿಸಿದೆ. ಕೊಪ್ಪಳ ಜಿಲ್ಲೆಯ ಮೋರನಾಳದ ತೊಗಲುಬೊಂಬೆಯ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ೨೦೨೫ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದುದು ಸಂತೋಷದ ವಿಷಯ. ಪರದೆಯ ಮೇಲೆ ಇನ್ನೊಬ್ಬರ ಕೈಯಿಂದ ವೀರನು ಚಲಿಸುವುದು ಅಲ್ಲಿಯೂ ಉಂಟು; ಆದರೆ ಗೆಲ್ಲುವ ಚಪಲವು ನೋಡುವವನಿಗಿಲ್ಲವಾದುದರಿಂದ ಸೋಲುವವನ ಮಾತನ್ನೂ ಅವನು ಕೇಳುವನು.

ಆ ಮಾತೇ ಇಲ್ಲಿ ಮುಖ್ಯ. ಎರಡನೆಯ ಸಲ ಸುಗ್ರೀವನ ಗರ್ಜನೆಯನ್ನು ಕೇಳಿ ವಾಲಿಯು ಎದ್ದಾಗ ತಾರೆಯು ಅಡ್ಡನಿಂತಳು. ಈಗತಾನೆ ಪೆಟ್ಟುತಿಂದು ಓಡಿದವನು ಇಷ್ಟು ಬೇಗನೆ ಮರಳಿ ಬಂದು ಕೂಗುವುದಾದರೆ ಅವನಿಗೆ ಒಬ್ಬ ಆಸರೆಯಿರಲೇಬೇಕು ಎಂದು ಅವಳ ಊಹೆ. ದಶರಥನ ಮಕ್ಕಳು ಅವನೊಡನೆ ಕೂಡಿದ್ದಾರೆಂದು ಚಾರರಿಂದ ಅಂಗದನು ತಿಳಿದುದನ್ನೂ ಅವಳು ಹೇಳಿದಳು. ಕಾಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಯುದ್ಧವನ್ನು ಓದಬಲ್ಲವಳು ಈಕೆಯೇ ಎಂದು ನಮ್ಮ ಅಭಿಪ್ರಾಯ. ವಾಲಿಯು ಅದನ್ನು ಅಲ್ಲಗಳೆಯಲಿಲ್ಲ. ರಾಮನು ಧರ್ಮಜ್ಞನು, ಪಾಪವನ್ನು ಹೇಗೆ ಮಾಡಿಯಾನು ಎಂದನು; ತಮ್ಮನ ಸೊಕ್ಕನ್ನು ಮುರಿಯುವೆನೇ ಹೊರತು ಪ್ರಾಣವನ್ನು ತೆಗೆಯೆನೆಂದೂ ಹೇಳಿ ಹೊರಟನು. ಹಾಗಾದರೆ ವಾಲಿಯ ಮರ್ಮಸ್ಥಾನವು ಯಾವುದು? ಗೋಮಾಳಿಗೆ ಕಣ್ಣಿದ್ದಂತೆ ಇವನಿಗೆ ಇದ್ದುದು ಎದುರಾಳಿಯ ಧರ್ಮಬುದ್ಧಿಯಲ್ಲಿ ಇಟ್ಟ ನಂಬಿಕೆ. ಬಾಣವು ಎದೆಗೆ ನಾಟುವ ಮುನ್ನ ಅಲ್ಲಿ ನಾಟಿತು. ಅವನ ನಿಂದೆಯಲ್ಲಿ ನೋವಿಗಿಂತ ಬೆರಗು ಹೆಚ್ಚಾಗಿ ಕೇಳಿಬರುವುದು ಇದರಿಂದಲೇ. ಈ ಭಾಗವನ್ನು ಮೊದಲು ಓದಿಸಿ, ವರದ ಕಥೆಯನ್ನು ಅನಂತರ ಹೇಳಿದರೆ, ಆಟವನ್ನು ಬಲ್ಲ ವಿದ್ಯಾರ್ಥಿಯೇ ಎರಡರ ಅಂತರವನ್ನು ಬೇಗನೆ ಗುರುತಿಸಬಲ್ಲನು.

ಆಟದಲ್ಲಿ ಬಾಸ್ ಸತ್ತೊಡನೆ ಅವನ ಆಯುಧವೋ ಆಭರಣವೋ ಗೆದ್ದವನ ಸಂಚಿಗೆ ಬಂದು ಬೀಳುವುದು. ವಾಲಿಯು ರಾಮನ ಮಾತುಗಳನ್ನು ಕೇಳಿ, ಅಂಗದನನ್ನು ಸುಗ್ರೀವನಿಗೆ ಒಪ್ಪಿಸಿ, ತನ್ನ ಪ್ರಾಣವನ್ನು ಹಿಡಿದಿದ್ದ ಕಾಂಚನಮಾಲೆಯನ್ನು ತಾನಾಗಿಯೇ ತಮ್ಮನಿಗೆ ಕೊಟ್ಟುಬಿಟ್ಟನು.